ಕಾಕ್‌ಪಿಟ್ಟಿಗೆ ಕಂಬಳಿ ಹೊತ್ತ ನಮ್ಮ ಮಾಮಾ

ನಮ್ಮ ಮಾಮಾಗ ತಲಿ ಕೆಟ್ಟೈತಿ ಅಂತ ನಾ ಯಾರ ಮುಂದೂ ಹೇಳಿಲ್ರಿ. ಹೇಳೂ ಪ್ರಸಂಗನ ಬರಲಿಲ್ಲ. ಚಿಕ್ಕೋಡಿ ಮಂದಿ ತಾವಾಗೇ ಕಂಡು ಹಿಡದ್ರು! ಮೂವತ್ತು ವರ್ಷ ಲಗ್ನದ ಫೋಟೋ ತಗದ ಮನಿಷ್ಯಾ, ಸ್ಟುಡಿಯೋಕ್ಕ ಕೀಲಿ ಜಡದು, ಹೆಗಲ ಮ್ಯಾಲ ಕರೀ ಕಂಬಳಿ ಒಗಕೊಂಡು, "ವಿಮಾನದ ಕಾಕ್‌ಪಿಟ್ ಫೋಟೋ ತಗೀಬೇಕು" ಅಂತ ಹೊಂಟ್ರ ಮಂದಿ ಮತ್ತೇನಂದಾರು?

ಇದಕ್ಕೆಲ್ಲಾ ಮೂಲ ನಮ್ಮ ಮಾಮಿ. ಅವರ ಒಬ್ಬಾಕೀ ಮಗಳು ಗಡಿಯಾಚೆ ಮಹಾರಾಷ್ಟ್ರದಾಗ ವಿಮಾನ ಹಾರಸೂದು ಕಲಿಯಾಕ ಹೋಗ್ಯಾಳ. ಮಾಮಿಗೆ ಅದು ಬಿಲ್‌ಕುಲ್ ಮನಸ್ಸಿಗೆ ಬಂದಿರಲಿಲ್ಲ. ಮಗಳ ಜೋಡಿ ಮಾತು ಬಿಟ್ಟು ನಾಲ್ಕು ತಿಂಗಳಾಗಿತ್ತು. ಆ ಹುಡುಗಿ ಕಾಕ್‌ಪಿಟ್‌ನ್ಯಾಗ ಕುಂತ ಫೋಟೋ ಮೊಬೈಲಿಗೆ ಕಳಸಿದ್ಲು. ಹೊರಗ ಬಿಸಿಲು ಫಳಫಳ, ಒಳಗ ಮಗಳ ಮಾರಿ ರೊಟ್ಟಿ ಹಂಚಿನಂಗ ಕರ್ರಗ! ಮಾಮಿ ಅದನ್ನ ನೋಡಿ ಗಂಡಗ ಹೇಳಿಬಿಟ್ಲು:

"ಅಲ್ಲಿ ಕುಂತಾಗ ಆಕಿ ಮಾರಿ ಹೆಂಗಿರತೈತಿ, ನನಗ ತೋರಸ್ರಿ. ಅಂಜಿಕಿ ಕಂಡ್ತಂದ್ರ ನಾಳೇನ ಹೋಗಿ ಕರಕೊಂಡು ಬರ್ರಿ. ಇಲ್ಲಂದ್ರ ಆಕಿ ಕಲಿಯೂದಕ್ಕ ನಾ ಇನ್ನ ತುಟಿ ಪಿಟಕ್ ಅನ್ನೂದಿಲ್ಲ."

"ನೀನ ಹೋಗಿ ನೋಡು" ಅಂದ ಮಾಮಾ.

"ಎಮ್ಮಿ ನೀವು ಹಿಂಡ್ತೀರೇನು?"

ಆ ಎಮ್ಮಿ ಮಾಮಾನ ವಾಸನಿ ಬಂದ್ರ ಸಾಕು, ಕಾಲು ಎತ್ತತೈತಿ. ಮಾಮಾ ಕಂಪ್ಯೂಟರಿನ್ಯಾಗ ಅದ ಫೋಟೋದಾಗಿನ ಮಗಳ ಮಾರಿ ಬೆಳ್ಳಗ ಮಾಡಿ ಕೊಡಾಕ ಹೋದ. ಮಾಮಿ ಒಲ್ಲೆ ಅಂದ್ಲು. ಅದು ಎಲ್ಲಾರ ಮಾರಿನೂ ಒಂದ ನಮೂನಿ ಮಾಡತೈತಂತ. ಖರೇನ ಐತ್ರಿ. ಮಾಮಾನ ಆಲ್ಬಮ್ಮಿನ್ಯಾಗಿನ ಮದುಮಕ್ಕಳೆಲ್ಲಾ ಅಕ್ಕ-ತಂಗೇರಂಗ ಕಾಣತಾರ!

ಕಾಕ್‌ಪಿಟ್ ಅಂದ್ರ ಏನಂತ ತಿಳಕೊಂಡೀರಿ? ಮುಂದ ಗಾಜು, ಬಾಜೂಕ ಗಾಜು, ನಡುವ ಕರೀ ಹಲಗಿ ತುಂಬ ಗಡಿಯಾರದಂಥ ಮೀಟರ್. ಹೊರಗಿನ ಬೆಳಕಿಗೆ ಕ್ಯಾಮೆರಾ ಹೊಂದಿಸಿದ್ರ ಒಳಗ ಅಮಾಸಿ. ಒಳಗಿಂದಕ್ಕ ಹೊಂದಿಸಿದ್ರ ಕಿಡಕಿ ಸುಣ್ಣಾ ಬಳದ ಗ್ವಾಡಿ. ಫ್ಲ್ಯಾಶ್ ಹೊಡದ್ರಂತೂ ಮುಗೀತು, ಒಂದೊಂದು ಮೀಟರಿನ್ಯಾಗೂ ಮಾಮಾನ ಹೊಟ್ಟಿ!

"ಕಿಡಕಿನೂ ಕಾಣಬೇಕು, ಮೀಟರೂ ಕಾಣಬೇಕು, ಮಗಳ ಮಾರಿನೂ ಕಾಣಬೇಕು. ಇಲ್ಲಂದ್ರ ನಾ ಫೋಟೋಗ್ರಾಫರನ ಅಲ್ಲ" ಅಂದ ಮಾಮಾ. ಹಟಾ ಹಿಡದ್ರ ಅವ ಉಡಾ ಇದ್ದಂಗ, ಬಿಡೂ ಮಾತ ಇಲ್ಲ.

ತಾಲೀಮು ಸುರು ಆತು. ರಾಯಬಾಗ ಬಸ್ ಸ್ಟ್ಯಾಂಡಿನ್ಯಾಗ ನಿಂತ ಬಸ್ಸಿನ ಡ್ರೈವರಗ ಚಾ ಕುಡಿಸಿ ಸ್ಟೇರಿಂಗ್ ಹಿಂದ ಕುಂಡ್ರಿಸಿದ. ನಾ ಬಿಳೀ ಧೋತರ ಚಾಚಿ ಹಿಡದು ನಿಂತೆ, ಬೆಳಕು ಅದಕ್ಕ ಬಡದು ಡ್ರೈವರ್ ಮಾರಿ ಮ್ಯಾಲ ಬೀಳಲಿ ಅಂತ. ಹೆಡ್ ಮಾಸ್ತರ್ ನಾನು, ನನ್ನ ಶಾಲಿ ಹುಡುಗ್ರು ಅದ ಬಸ್ಸಿನ್ಯಾಗ ಕುಂತಿದ್ವು! ಮಾಮಾ ತನ್ನ ಬಿಳೀ ಅಂಗಿ ಗಾಜಿನ್ಯಾಗ ಮೂಡಬಾರದಂತ ತಲಿ ತುಂಬ ಕಂಬಳಿ ಹೊತ್ತು, ಕ್ಯಾಮೆರಾದ ಕಣ್ಣಷ್ಟ ಹೊರಗ ಬಿಟ್ಟ. ಅವರದು ಕುರಿ ಕಾಯೂ ಮನಿತನ. ಚಳಿಗೆ, ಮಳಿಗೆ, ಬೀಗರನ್ನ ಕುಂಡ್ರಸಾಕ, ಎಲ್ಲಾಕ್ಕೂ ಕಂಬಳಿನ. ಬಸ್ ಹತ್ತಿದ ಮುದುಕಿಯೊಬ್ಬಾಕಿ ಕಂಬಳಿಗೆ ಕೈ ಮುಗದು, "ಯಾವ ದೇವರ್ರೀ ಇದು?" ಅಂದ್ಲು.

"ಮುಂದ ಹೋಗಬೇ, ಬೆಳಕಿಗೆ ಅಡ್ಡ ಬರಬ್ಯಾಡ!" ಅಂತ ಕಂಬಳಿಯೊಳಗಿಂದ ದೇವರು ಒದರಿತು.

ವಿಮಾನದ ಶಾಲಿಗೆ ಹೊಂಡೂ ಮುಂದ ಕ್ಯಾಮೆರಾನ ಮಂಗಸೂಳಿ ಮಲ್ಲಯ್ಯನ ಗುಡಿಗೆ ಒಯ್ದ. ನಮ್ಮಲ್ಲಿ ಹೋರಿ ಇರಲಿ, ಟ್ರ್ಯಾಕ್ಟರ್ ಇರಲಿ, ಅರಿಷಿಣದ ಭಂಡಾರ ಹಾರಿಸದ ಕೆಲಸಕ್ಕ ಹಚ್ಚೂದಿಲ್ಲ. ಕ್ಯಾಮೆರಾಕ್ಕೂ ಹಾರಿಸಿದ. ಹಾರಸಲಿ, ಆದ್ರ ಲೆನ್ಸಿನ ಮುಚ್ಚಳಾ ತಗದು ಹಾರಿಸಬೇಕ? ಆ ಸಲ ವಿಮಾನದ ಶಾಲಿಗೆ ಹೋಗಿ ತಂದ ಫೋಟೋ ಎಲ್ಲಾ ಮಸುಕು ಹಳದಿ.

"ವಿಮಾನಕ್ಕ ಕಾಮಣಿ ಆಗೈತೇನ್ರಿ?" ಅಂದ್ಲು ಮಾಮಿ. ಅಂದಾಕಿ ನಗಲಿಲ್ಲ. ಆಕಿ ರಾತ್ರಿ ನಿದ್ದಿ ಮಾಡದ ಎಷ್ಟೋ ದಿನ ಆಗಿತ್ತು ಅಂತ ನಮಗ ಗೊತ್ತಿತ್ತು.

ಕ್ಯಾಮೆರಾ ಸ್ವಚ್ಛ ಮಾಡಿಸಿಕೊಂಡು ಮತ್ತ ಹೋದ್ವಿ. ನೆಲದ ಮ್ಯಾಲ ಸುಮ್ಮನ ನಿಂತ ಸಣ್ಣ ವಿಮಾನ, ಒಳಗ ಕುಂತ ಮಗಳು, ಅರ್ಧಾ ತಾಸಿನ ಪರವಾನಗಿ. ಎರಡು ತಾಸಾದ್ರೂ ಮಾಮಾ ಹೊರಗ ಬರವಲ್ಲ, ಹೊತ್ತು ಇಳದು ಬಿಸಿಲು ಮೆತ್ತಗಾಗಲಿ ಅಂತ ಕಾಯಾಕತ್ತಾನ. ಅಲ್ಲಿಯ ಮಾಸ್ತರ್ರು "ಮಾಮಾ, ಪುರೇ ಆತಾ!", ಸಾಕು ಇನ್ನ, ಅಂತ ಮರಾಠಿಯೊಳಗ ಕೈ ಮುಗದ್ರು. ನಿಪ್ಪಾಣಿ ಕಡೆ ಲಗ್ನದಾಗ ದಿನಪೂರ್ತಿ ಮರಾಠಿ ಒದರೂ ಮನಿಷ್ಯಾ, ಅವತ್ತ ಒಂದು ಅಕ್ಷರ ತಿಳೀದವನಂಗ ಕಂಬಳಿಯೊಳಗ ಕುಂತಿದ್ದ! ಕಡೀಕ "ನಗು ಅವ್ವಿ" ಅಂದು ಕ್ಲಿಕ್ ಮಾಡಿದ. ಹೊರಗಿನ ಮೋಡ ಬಂತು, ಮೀಟರಿನ ಮುಳ್ಳು ಬಂತು, ಮಗಳ ನಗುಮಾರಿ ಬಂತು. ಖುಷಿಗೆ ಎದ್ದು ನಿಲ್ಲಾಕ ಹೋಗಿ ವಿಮಾನದ ಮಾಳಿಗಿಗೆ ತಲಿ ಬಡಕೊಂಡ.

ಮನ್ಯಾಗ ಮಾಮಿ ಸೆರಗಿಗೆ ಕೈ ಒರಸಿಕೊಂಡು ಕಂಪ್ಯೂಟರ್ ಮುಂದ ಕುಂತ್ಲು.

"ಇದು ಫೋಟೋಕ್ಕ ನಕ್ಕ ನಗಿ. ನಿಮ್ಮ ಕಾಟಕ್ಕ ನಕ್ಕಾಳ. ಇದರಾಗ ನನಗೇನೂ ತಿಳಿಯೂದಿಲ್ಲ."

ಮಾಮಾನ ಮಾರಿ ಸಪ್ಪಗಾತು. ಮಾಮಿ ತಾನ ಫೋಟೋ ಹಿಂದ ಹಿಂದಕ ಸರಸಿಕೋತ ಹೋಗಿ ಒಂದು ಕೆಟ್ಟ ಫೋಟೋಕ್ಕ ನಿಂತ್ಲು. ಮಾಮಾ ಇನ್ನೂ ಕ್ಯಾಮೆರಾ ಹೊಂದಸೂ ಮುಂದ ತಗದದ್ದು. ಮಗಳಿಗೆ ಅದರ ಖಬರಿಲ್ಲ. ಮೀಟರ್ ನೋಡಿಕೋತ, ನಾಲಿಗಿ ತುದಿ ಹಲ್ಲಾಗ ಹಿಡಕೊಂಡು, ಕಲತದ್ದನ್ನ ತನ್ನಷ್ಟಕ್ಕ ತಾನ ಮನನ ಮಾಡಾಕತ್ತಾಳ.

"ಸಣ್ಣಾಕಿದ್ದಾಗ ರಂಗೋಲಿ ಹಾಕೂ ಮುಂದ ಹಿಂಗ ನಾಲಿಗಿ ಕಚ್ಚತಿದ್ಲು" ಅಂದ್ಲು ಮಾಮಿ. "ಅಂಜಿಲ್ಲ ಆಕಿ. ಅಲ್ಲಿ ಕುಂತ್ರ ಆಕಿಗೆ ನಾವ್ಯಾರೂ ನೆಪ್ಪ ಇಲ್ಲ."

"ಅಯ್ಯ, ಆ ಫೋಟೋದಾಗ ಕಿಡಕಿ ಪೂರಾ ಬೆಳ್ಳಗ ಹೋಗೇತಲ್ಲ!" ಅಂತ ಮಾಮಾ ಒದ್ದಾಡಿದ.

"ಕಿಡಕಿ ಕಟಗೊಂಡು ನಾ ಏನು ಮಾಡ್ಲಿ? ಬೆನ್ನ ಹಿಂದ ಏನದು ಆಕೀದು?"

"ದಿಂಬು. ಗಿಡ್ಡ ಅದಾಳಲ್ಲ, ಕಾಲು ಎಟಕೂದಿಲ್ಲ."

ಮಾಮಿ ಎದ್ದು ಹೋಗಿ ಟ್ರಂಕಿನ್ಯಾಗಿಂದ ತನ್ನ ಹಳೇ ಇಲಕಲ್ ಸೀರಿ ತಗದ್ಲು. "ಕುರ್ಚಿಗೆ ಸಣ್ಣ ಕೌದಿ ಹೊಲದು ಕೊಡತೀನಿ. ಅಳತಿ ಹೇಳ್ರಿ."

ಮಾಮಾ ನನ್ನ ಮಾರಿ ನೋಡಿದ, ನಾ ಮಾಮಾನ ಮಾರಿ ನೋಡಿದೆ. ಮುನ್ನೂರು ಫೋಟೋ ತಗದಿದ್ವಿ, ಕುರ್ಚಿ ಅಳತಿ ಯಾರು ತಗೊಂಡಾರ?

"ಸುಡ್ಲಿ ನಿಮ್ಮ ಶಾಣ್ಯಾತನಾ" ಅಂತ ಮಾಮಿ ತನ್ನ ಫೋನ್ ಮುಂದ ಚಾಚಿದ್ಲು. "ಹಚ್ಚಿ ಕೊಡ್ರಿ. ಆಕಿನ್ನ ಕೇಳತೀನಿ."

ಆ ಕಡೆಯಿಂದ "ಅವ್ವಾ?" ಅಂದಿದ್ದು ನಮಗೂ ಕೇಳಿಸ್ತು. ಅಳತಿ ಕೇಳಾಕ ಹಚ್ಚಿದ ಫೋನು, ಮಾಮಿ ಕೇಳಿದ್ದ ಬ್ಯಾರೆ.

"ಬೆನ್ನು ನೋಯತೈತೇನ, ನನ್ನ ಕೂಸ?"