ವಿಮಾನಕ್ಕೆ ನಾನೇ ಪೂಜೆ ಮಾಡಿದೆ

ಈ ಸಲದ ಆಯುಧಪೂಜೆಯನ್ನು ಹೆಂಡತಿಯ ಕೈಗೆ ಬಿಡದೆ ನಾನೇ ಸಾಂಗವಾಗಿ ನೆರವೇರಿಸುತ್ತೇನೆಂದು ಘೋಷಿಸಿದೆ. ಮಾಚೇನಹಳ್ಳಿಯ ಫೌಂಡ್ರಿಯಲ್ಲಿ ಇಷ್ಟು ವರ್ಷ ದುಡಿದವನಿಗೆ ಯಂತ್ರಗಳ ಮರ್ಮ ತಿಳಿಯದೇ! ನಾನಿರುವುದು ಲೆಕ್ಕಪತ್ರ ವಿಭಾಗದಲ್ಲಿ, ಅಲ್ಲಿ ಮುಟ್ಟಿದ ಏಕೈಕ ಯಂತ್ರ ಕ್ಯಾಲ್ಕುಲೇಟರ್ ಎಂಬುದು ಬೇರೆ ಮಾತು.

ಸ್ಕೂಟರ್, ಮಿಕ್ಸಿ, ಇಸ್ತ್ರಿಪೆಟ್ಟಿಗೆಗಳ ಪಕ್ಕದಲ್ಲಿ ಮಗಳು ಅಕ್ಷಯಾಳ ವಿಮಾನವೂ ಕುಳಿತಿತ್ತು. ಇಂಜಿನಿಯರಿಂಗ್ ಓದುವ ಹುಡುಗಿ, ನಿದ್ದೆಗೆಟ್ಟು ತಾನೇ ಕಟ್ಟಿದ ಮಾದರಿ ವಿಮಾನ. ಭಾನುವಾರ ಭದ್ರಾವತಿಯ ಮೈದಾನದಲ್ಲಿ ಸ್ಪರ್ಧೆ. ಗೆದ್ದರೆ ರಾಜ್ಯಮಟ್ಟ. ಸೋತರೆ ಇನ್ನೊಂದು ಅವಕಾಶವಿಲ್ಲ, ಅವಳಿಗಿದು ಕೊನೆಯ ವರ್ಷ. “ಅಪ್ಪಾ, ಕುಂಕುಮ ಇಡಿ, ಹೂವಿಡಿ. ಬೇರೆ ಏನನ್ನೂ ಮುಟ್ಟಬೇಡಿ,” ಎಂದು ಎಚ್ಚರಿಸಿ ಗೆಳತಿಯ ಮನೆಗೆ ಹೋದಳು.

ಪೂಜೆ ಜಾಂಜೂಂ ಎಂದು ನಡೆಯಿತು. ಮನೆಯಲ್ಲಿದ್ದ ಒಂದೇ ಊದುಬತ್ತಿ ಸ್ಟ್ಯಾಂಡು ಸ್ಕೂಟರಿನ ಪಾಲಾದ್ದರಿಂದ ವಿಮಾನಕ್ಕೆ ನಾನು ಬೇರೆ ವ್ಯವಸ್ಥೆ ಮಾಡಿದೆ. ನನ್ನ ಚುರುಕುತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಭಾನುವಾರ ಮೈದಾನದಲ್ಲಿ ಇಂಜಿನ್ ಗುರ್ರೆಂದು ಶುರುವಾಯಿತು, ತುಸು ಹೊತ್ತು ಅರಚಿತು, ಗಪ್ಪನೆ ನಿಂತಿತು. ಮತ್ತೆ ಶುರು, ಮತ್ತೆ ಗಪ್. ಅಕ್ಷಯಾಳ ಮುಖ ಬಿಳಿಚಿಕೊಂಡಿತು. ನನಗೆ ಕೈಕಾಲು ಆಡಲಿಲ್ಲ, ಆದರೆ ಬಾಯಿ ಆಡುತ್ತಲೇ ಇತ್ತು. ಇಂಧನ ಹಳತಾಗಿದೆ ಎಂದೆ. ಶಿವಮೊಗ್ಗದ ಇಂಜಿನ್ನಿಗೆ ಭದ್ರಾವತಿಯ ಗಾಳಿ ಒಗ್ಗುತ್ತಿಲ್ಲ ಎಂದೆ. ಕೊನೆಗೆ ಹೆಂಡತಿ ಸಂಧ್ಯಾಳ ಕಡೆ ತಿರುಗಿದೆ.

“ನೋಡು ಮಾರಾಯ್ತಿ, ನಿನ್ನ ಕುಂಕುಮ ಇಂಜಿನ್ ಒಳಗೆ ಹೋಗಿದೆ.”

“ಕುಂಕುಮ ಇಟ್ಟಿದ್ದು ನೀವು ರೀ. ನನಗೆ ಆರತಿ ತಟ್ಟೆ ಮುಟ್ಟೋಕೂ ಬಿಡ್ಲಿಲ್ಲ.”

ಮೈಕಿನಲ್ಲಿ ಅಕ್ಷಯಾಳ ಹೆಸರು ಕೂಗಿದರು. ಅವಳು ನೆಲದ ಮೇಲೆ ಬೋರಲು ಮಲಗಿ ಇಂಧನದ ಪೈಪು, ಫಿಲ್ಟರು ಎಲ್ಲ ಬಿಚ್ಚಿ ಊದಿ ನೋಡಿದಳು. ಸರಿಯಾಗಿಯೇ ಇದ್ದವು. ಟ್ಯಾಂಕು ತುಂಬಿತ್ತು, ಆದರೆ ಇಂಧನ ಮುಂದಕ್ಕೆ ಹರಿಯುತ್ತಿರಲಿಲ್ಲ. ಸೈಲೆನ್ಸರಿನ ಮೇಲೊಂದು ಪುಟ್ಟ ಮೂತಿ ಇರುತ್ತದಂತೆ. ಹೊಗೆಯ ಒತ್ತಡ ಅಲ್ಲಿಂದ ತೆಳು ಪೈಪಿನಲ್ಲಿ ಟ್ಯಾಂಕಿಗೆ ಹೋಗಿ ಇಂಧನವನ್ನು ಇಂಜಿನ್ನಿಗೆ ತಳ್ಳಬೇಕಂತೆ. ಅವಳು ಆ ಪೈಪು ಕಿತ್ತು, ಇಂಜಿನ್ ಶುರು ಮಾಡಿಸಿ, ಮೂತಿಯ ಮೇಲೆ ಬೆರಳಿಟ್ಟಳು.

“ಅಮ್ಮಾ, ಪ್ರೆಶರ್ರೇ ಬರ್ತಿಲ್ಲ. ಏನೋ ಸಿಕ್ಕಿಕೊಂಡಿದೆ.”

ಆ ಮೂತಿಯನ್ನು ನಾನು ಎಲ್ಲೋ ನೋಡಿದ್ದೇನಲ್ಲ ಅನ್ನಿಸಿತು. “ಎಲ್ಲರಿಗೂ ಟೀ ತರಲಾ?” ಎಂದೆ.

ಕೊನೆಯ ಕರೆ ಎಂದು ಮೈಕು ಕೂಗಿತು. ಊರಿನ ಚೌಡಮ್ಮನಿಗೆ ಮನಸ್ಸಿನಲ್ಲೇ ಹಣ್ಣುಕಾಯಿ ಹೇಳಿಕೊಂಡೆ. ಸಂಧ್ಯಾ ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದುಕೊಟ್ಟಳು. ಅಕ್ಷಯಾ ಮೂತಿಯೊಳಗೆ ಚುಚ್ಚಿ, ಮೆಲ್ಲಗೆ ಮೀಟಿ ಎಳೆದಳು. ಕೆಂಪು ಬಣ್ಣ ಹಚ್ಚಿದ ಬಿದಿರಿನ ಮೋಟು ಕಡ್ಡಿ ಹೊರಬಂತು.

ತಾಯಿ ಮಗಳು ಇಬ್ಬರೂ ಕಡ್ಡಿಯನ್ನು ನೋಡಿದರು. ಆಮೇಲೆ ನನ್ನನ್ನು ನೋಡಿದರು.

“ರೀ, ವಿಮಾನಕ್ಕೆ ಊದುಬತ್ತಿ ಎಲ್ಲಿ ಸಿಗಿಸಿದ್ರಿ?”

“ಪೈಪು ಕಿತ್ತ ಮೇಲೆ ಅಷ್ಟು ಅಚ್ಚುಕಟ್ಟಾದ ತೂತು ಕಾಣಿಸ್ತು ಕಣೆ. ಇಂಜಿನ್ ಕಂಪನಿಯವರು ಅದಕ್ಕೇ ಕೊಟ್ಟಿದಾರೆ ಅಂದ್ಕೊಂಡೆ.”

ಪೂಜೆ ಮುಗಿದ ಮೇಲೆ ಕಡ್ಡಿ ಎಳೆದಾಗ ಟಕ್ಕೆಂದು ಬಂದಿತ್ತು, ಪೈಪನ್ನು ಮೊದಲಿನಂತೆ ಸಿಗಿಸಿಟ್ಟಿದ್ದೆ. ಆ ಟಕ್ಕು ಕಡ್ಡಿ ಮುರಿದ ಸದ್ದೆಂದು ನನಗೇನು ಗೊತ್ತು!

ಬೈಯಲು ಪುರುಸೊತ್ತಿಲ್ಲದ್ದರಿಂದ ನಾನು ಬಚಾವಾದೆ. ಅಕ್ಷಯಾ ಪೈಪು ಜೋಡಿಸಿ ಓಡಿದಳು. ವಿಮಾನ ಓಡಿತು, ಮೂಗೆತ್ತಿತು, ಗಪ್ಪೆನ್ನಲಿಲ್ಲ! ಜನರ ತಲೆಯ ಮೇಲೆ ಸುತ್ತು ಹೊಡೆಯಿತು. ನಾನು ಗೊಳೋ ಎಂದು ಅತ್ತೇಬಿಟ್ಟೆ. ಸಂಧ್ಯಾ ಕೇಳಿದ್ದಕ್ಕೆ ಇಂಜಿನ್ನಿನ ಹೊಗೆ ಎಂದೆ.

ಮಗಳು ರಾಜ್ಯಮಟ್ಟಕ್ಕೆ ಆಯ್ಕೆಯಾದಳು. ಹೊರಡುವ ದಿನ ಬೆಳಿಗ್ಗೆ, ವಿಮಾನಕ್ಕೆ ಇನ್ನೊಂದು ಪೂಜೆ ಆಗಿಬಿಡಲಿ ಎಂದು ಪಂಚೆ ಉಟ್ಟು ಬಂದೆ. ಅಕ್ಷಯಾ ಅಡುಗೆಮನೆಗೆ ಹೋಗಿ ಒಂದು ಬಾಳೆಹಣ್ಣು ತಂದು ನನ್ನ ಕೈಗಿಟ್ಟಳು.

“ವಿಮಾನದ ಪೂಜೆ ಅಮ್ಮ ಮಾಡ್ತಾಳೆ. ನೀವು ಊದುಬತ್ತಿನ ಇದಕ್ಕೆ ಸಿಗಿಸ್ಕೊಂಡು ಗೇಟಿನ ಹೊರಗೆ ನಿಂತಿರಿ ಅಪ್ಪಾ.”