ಬಿಟ್‌ಸ್ಟ್ರೀಮಿನಲ್ಲಿ ಸಿಕ್ಕಿಬಿದ್ದ ಒಡಪು

ಹೆಸರು ಉದ್ದವಿದ್ದದ್ದೇ ದೊಡ್ಡದು ಎಂಬುದು ನನ್ನ ಹಳೆಯ ನಂಬಿಕೆ. ಸರಕಾರಿ ಕಚೇರಿಯಲ್ಲಿ ಕೂತು ಕೂದಲು ಬೆಳ್ಳಗೆ ಮಾಡಿಕೊಂಡವರಿಗೆಲ್ಲ ಇದು ತಾನಾಗಿಯೇ ಬರುತ್ತದೆ. ಬಾಗಿಲ ಮೇಲಿನ ಹಲಗೆಯಲ್ಲಿ ಹುದ್ದೆಯ ಹೆಸರು ಎರಡನೆಯ ಸಾಲಿಗೆ ಹರಿದಿದ್ದರೆ ಹೊರಗಿನಿಂದಲೇ ಕೈ ಮುಗಿಯುತ್ತೇವೆ. ಒಂದೇ ಶಬ್ದಕ್ಕೆ ಮುಗಿದಿದ್ದರೆ ಒಳಗೆ ಹೋಗಿ, ಕುರ್ಚಿಯಲ್ಲಿ ಕೂತವನನ್ನೇ ‘ಸಾಹೇಬರು ಎಲ್ಲಿ ಅದಾರ್ರಿ?’ ಎಂದು ಕೇಳುತ್ತೇವೆ. ಬೀದರಿನ ಕಚೇರಿಗಳಲ್ಲಿ ಈ ನಂಬಿಕೆ ನನ್ನನ್ನು ಎಂದೂ ಕೈಬಿಟ್ಟಿಲ್ಲ. ಮೈಲೂರಿನ ನಮ್ಮ ಮನೆಯಲ್ಲಿ, ಡಿಸ್ಕ್ ಪ್ಲೇಯರಿನ ಮುಂದೆ ಮಾತ್ರ ಮಾನ ಕಳೆಯಿತು.

ಪ್ಲೇಯರ್ ಅಟ್ಟದಿಂದ ಇಳಿದದ್ದು ಒಡಪಿನ ಸಲುವಾಗಿ. ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನಮ್ಮ ಕಡೆ ಗಂಡ ಹೆಂಡತಿ ಒಬ್ಬರ ಹೆಸರನ್ನು ಇನ್ನೊಬ್ಬರು ಸುಮ್ಮಸುಮ್ಮನೆ ಹೇಳುವುದಿಲ್ಲ. ಮದುವೆಯ ದಿನ ಮಾತ್ರ ಬಳಗವೆಲ್ಲ ಬಾಗಿಲಿಗೆ ಅಡ್ಡ ನಿಂತು ‘ಹೆಸರು ಹೇಳಿ ಒಳಗ ಬರ್ರಿ’ ಎಂದು ಹಟ ಹಿಡಿಯುತ್ತದೆ. ಆಗ ಪ್ರಾಸ ಹೊಂದಿಸಿದ ಎರಡು ಸಾಲು ಹೇಳಿ, ಅದರೊಳಗೆ ಹೆಸರನ್ನು ಸೇರಿಸಿ ಪಾರಾಗಬೇಕು. ಅದೇ ಒಡಪು. ಹೆಂಗಸರು ಇದನ್ನು ನೀರು ಕುಡಿದಷ್ಟು ಸಲೀಸಾಗಿ ಹೇಳುತ್ತಾರೆ. ಗಂಡಸರಿಗೆ ನೀರು ಕುಡಿಸಬೇಕಾಗುತ್ತದೆ. ಭಾಲ್ಕಿಯಲ್ಲಿ ನಡೆದ ನಮ್ಮ ಮದುವೆಯಲ್ಲಿ ನಾನು ಒಡಪು ಹೇಳಿದೆ ಎಂಬುದು ನನ್ನ ವಾದ. ಬಾಯಿ ತೆರೆದದ್ದು ನಿಜ, ಧ್ವನಿ ಹೊರಡಲಿಲ್ಲ ಎಂಬುದು ನನ್ನ ಹೆಂಡತಿಯ ತಮ್ಮ ಧನರಾಜನ ವಾದ. ಅಕ್ಕನ ಗಂಡನಾದ ನನ್ನನ್ನು ಆತ ‘ಮಾಮಾ’ ಎಂದು ಬಹಳ ಗೌರವದಿಂದ ಕರೆಯುತ್ತಾನೆ, ಅಷ್ಟೇ ಗೌರವದಿಂದ ಈ ಕಥೆಯನ್ನು ಪ್ರತಿ ತೊಟ್ಟಿಲ ಕಾರ್ಯದಲ್ಲೂ ಪ್ರತಿ ಗೃಹಪ್ರವೇಶದಲ್ಲೂ ಹೇಳುತ್ತಾನೆ. ಅವನ ಕಥೆಯಲ್ಲಿ ಮೊದಲು ನಾನು ಬರೀ ತಡವರಿಸಿದ್ದೆ. ಆಮೇಲೆ ಬೆವತೆ. ಈಚೆಗೆ ನನಗೆ ಗಾಳಿ ಬೀಸಲು ಇಬ್ಬರು ಬಂದಿದ್ದರಂತೆ.

ಈ ಸಲ ಔರಾದಿನ ನಾದಿನಿಯ ಮಗಳು ಪೂಜಾಳ ಮದುವೆ ಗೊತ್ತಾಗಿ, ಬೀದರಿನಲ್ಲಿ ಸೀರೆ ತೆಗೆದುಕೊಂಡು ಎಲ್ಲರೂ ನಮ್ಮ ಮನೆಗೆ ಬಂದಿದ್ದರು. ಪೂಜಾ, ಧನರಾಜ, ಜೊತೆಗೆ ನಮ್ಮ ಅತ್ತೆ. ಚುಡುವಾ ತಟ್ಟೆ ಮುಂದೆ ಬರುತ್ತಲೇ ಧನರಾಜ ‘ಪೂಜಾ, ನಿನ್ನ ಗಂಡಗ ಒಡಪು ಈಗಿಂದೇ ಬಾಯಿಪಾಠ ಮಾಡ್ಸು. ಇಲ್ಲಾಂದ್ರ ನಮ್ಮ ಮಾಮಾನಂಗ...’ ಎಂದು ಶುರು ಮಾಡಿದ. ನನಗೆ ರೇಗಿತು.

‘ಮದುವಿ ಡಿಸ್ಕ್ ಮನ್ಯಾಗ ಅದ. ಹಾಕ್ತೇನಿ, ಕಿವಿ ತೆರೆದು ಕೇಳು’ ಎಂದೆ.

‘ಹಾಕ್ರಿ ಮಾಮಾ. ನಿಮ್ಮ ಧ್ವನಿ ಬಂತಂದ್ರ ಇನ್ನ ಮುಂದ ಈ ಮಾತು ಎತ್ತಂಗಿಲ್ಲ. ಬರ್ಲಿಲ್ಲಂದ್ರ ಔರಾದದಾಗ ಪೂಜಾನ ಮದುವ್ಯಾಗ ಮೈಕ್ ಹಿಡದು ಎಲ್ಲಾರ ಮುಂದ ಹೆಸರು ಹೇಳ್ಬೇಕು.’

ಅತ್ತೆ ಸೆರಗಿನ ಮರೆಯಲ್ಲಿ ನಕ್ಕು ‘ಒಪ್ಕೋರಿ, ನಮಗೂ ಒಮ್ಮಿ ಕೇಳಿದಂಗ ಆಗ್ತದ’ ಎಂದರು. ಒಪ್ಪಿಕೊಂಡೆ. ಔರಾದಿನ ಮದುವೆ ಎಂದರೆ ಮರಾಠಿ, ತೆಲುಗು ಆಡುವ ಗಡಿಯಾಚೆಯ ಬೀಗರೂ ಬರುತ್ತಾರೆ, ನನ್ನ ಮಾನ ಮೂರು ಭಾಷೆಯಲ್ಲಿ ಹೋಗುತ್ತದೆ ಎಂಬುದು ಒಪ್ಪಿದ ಮೇಲೆ ಹೊಳೆಯಿತು.

ನಮ್ಮ ಟಿವಿಯ ಸ್ವಂತ ಗಂಟಲು ಎಂದೋ ಕಟ್ಟಿಹೋಗಿದೆ. ಅದಕ್ಕಾಗಿ ಕೆಳಗೊಂದು ಉದ್ದನೆಯ ಸೌಂಡ್ ಬಾಕ್ಸ್ ಇಟ್ಟಿದ್ದೇವೆ. ಪ್ಲೇಯರಿನಿಂದ ಅದಕ್ಕೆ ಒಂದು ತೆಳ್ಳನೆಯ ವೈರ್. ಅದರ ತುದಿಯಲ್ಲಿ ಕೆಂಪು ಬೆಳಕು ಕಾಣುತ್ತದೆ, ಆ ಬೆಳಕಿನೊಳಗೆ ಧ್ವನಿ ಹೋಗುತ್ತದೆ ಎಂದು ಅಂಗಡಿಯವರು ಹೇಳಿದ್ದರು. ನಾನು ಎಲ್ಲ ತಿಳಿದವನಂತೆ ಹೂಂ ಎಂದಿದ್ದೆ. ಡಿಸ್ಕ್ ಹಾಕಿದೆ. ಚಿತ್ರ ಬಂತು. ಮೊದಲು ಒಂದು ಗುಲಾಬಿ ಅರಳಿತು, ಅದರೊಳಗಿನಿಂದ ನಾನು ಗಿರಗಿರ ತಿರುಗುತ್ತ ಹೊರಬಂದೆ. ಬ್ಯಾಂಡಿನವರು ಕೆನ್ನೆ ಉಬ್ಬಿಸಿ ಊದುತ್ತಿದ್ದರು. ಧ್ವನಿ ಮಾತ್ರ ಇಲ್ಲ.

‘ನೋಡ್ರಿ, ಬ್ಯಾಂಡಿನವ್ರಿಗೂ ಮಾಮಾನ ಗಾಳಿ ಹತ್ಯಾದ’ ಎಂದ ಧನರಾಜ.

ರಿಮೋಟ್ ಹಿಡಿದು ಸೆಟಿಂಗಿನ ಒಳಗೆ ಇಳಿದೆ. ಆಡಿಯೋ, ಅದರೊಳಗೆ ಡಿಜಿಟಲ್ ಔಟ್‌ಪುಟ್, ಅದರೊಳಗೆ ಆಫ್, ಪಿಸಿಎಂ, ಬಿಟ್‌ಸ್ಟ್ರೀಮ್. ಆಫ್ ಮೇಲೆ ಇತ್ತು. ನನ್ನ ನಂಬಿಕೆ ನಿಮಗೆ ಗೊತ್ತೇ ಇದೆ. ಪಿಸಿಎಂ ಎಂಬುದು ದಿನಗೂಲಿಯವನ ಹೆಸರಿನಂತೆ ಕಂಡಿತು, ಬಿಟ್‌ಸ್ಟ್ರೀಮ್ ಎಂಬುದಕ್ಕೆ ಮಾತ್ರ ಗೆಜೆಟೆಡ್ ಕಳೆ. ಅದನ್ನೇ ಒತ್ತಿದೆ. ಧ್ವನಿ ಬರಲಿಲ್ಲ. ಆದರೆ ಒಮ್ಮೆ ಆಯ್ಕೆ ಮಾಡಿದ ಅಧಿಕಾರಿಯನ್ನು ಜನರ ಮುಂದೆ ಬದಲಾಯಿಸುವುದು ಆಡಳಿತಕ್ಕೆ ಶೋಭೆಯಲ್ಲ. ಹಾಗಾಗಿ ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಬದಲಾಯಿಸಿದೆ. ಪರದೆಯ ಅಗಲ ಬದಲಾಯಿಸಿದೆ, ಮದುಮಕ್ಕಳಿಬ್ಬರೂ ದಪ್ಪಗಾದೆವು. ಭಾಷೆ ಬದಲಾಯಿಸಿದೆ, ಮೆನು ಯಾವುದೋ ಕಾಣದ ದೇಶದ ಲಿಪಿಗೆ ಹೋಗಿ, ತಿರುಗಿ ಬರಲು ದಾರಿ ಸಿಗದೆ ಒದ್ದಾಡಿದೆ. ಧನರಾಜ ಎಂದೋ ಗಣೇಶ ಮಂಟಪದಲ್ಲಿ ಮೈಕಿನ ಉಸ್ತುವಾರಿ ನೋಡಿದವನು. ಆ ಅನುಭವದ ಮೇಲೆ ಬಾಕ್ಸಿಗೆ ಎರಡು ಏಟು ಬಾರಿಸಿ ‘ಹಲೋ, ಹಲೋ’ ಎಂದ. ಅತ್ತೆ ‘ಈಬತ್ತಿ ಹಚ್ಚಿ ನೋಡ್ರಿ’ ಎಂದರು. ಬಾಕ್ಸಿಗೆ ವಿಭೂತಿ ಹಚ್ಚಿದೆವು. ಬಾಕ್ಸು ಶರಣರಂತೆ ಕಂಡಿತು, ಮೌನ ಬಿಡಲಿಲ್ಲ.

ಕೊನೆಗೆ ಪ್ಲೇಯರಿನ ಜೊತೆ ಬಂದಿದ್ದ ಪುಸ್ತಕ ಹುಡುಕಿ ಓದಿದೆ. ಪುಸ್ತಕ ಓದುವುದು ನಮ್ಮಲ್ಲಿ ವಿಭೂತಿಯ ನಂತರದ ಉಪಾಯ. ಬಿಟ್‌ಸ್ಟ್ರೀಮ್ ಎಂದರೆ ಪ್ಲೇಯರ್ ಧ್ವನಿಯ ಗಂಟನ್ನು ತಾನು ಬಿಚ್ಚುವುದಿಲ್ಲ, ಬಂದ ಹಾಗೆಯೇ ಮುಂದಿನ ಯಂತ್ರಕ್ಕೆ ದಾಟಿಸುತ್ತದೆ, ಬಿಚ್ಚುವ ಕೆಲಸ ಮುಂದಿನವರದು. ಪಿಸಿಎಂ ಎಂದರೆ ತಾನೇ ಬಿಚ್ಚಿ, ಯಾರಿಗೂ ಅರ್ಥವಾಗುವಂತೆ ಮಾಡಿ ಕಳಿಸುತ್ತದೆ. ಓದುತ್ತ ಓದುತ್ತ ನನಗೆ ಆ ಪ್ಲೇಯರಿನ ಮೇಲೆ ಅಭಿಮಾನ ಉಕ್ಕಿತು. ಇದು ನಮ್ಮ ಕಚೇರಿಯವನೇ. ನಾನೂ ಫೈಲಿನ ದಾರ ಬಿಚ್ಚದೆ ‘ಮುಂದಿನ ಕ್ರಮಕ್ಕಾಗಿ’ ಎಂದು ಬರೆದು ಆಚೆಯ ಟೇಬಲ್ಲಿಗೆ ದಾಟಿಸುತ್ತೇನೆ. ಆಚೆಯ ಟೇಬಲ್ಲಿನವರು ನಮ್ಮ ಸೌಂಡ್ ಬಾಕ್ಸಿನ ಹಾಗೆ ದೀಪ ಹಚ್ಚಿಕೊಂಡು, ಗಂಟು ಮುಂದಿಟ್ಟುಕೊಂಡು ಸುಮ್ಮನೆ ಕೂರುತ್ತಾರೆ. ಯಾರದೂ ತಪ್ಪಿಲ್ಲ, ಕೆಲಸ ಮಾತ್ರ ಆಗುವುದಿಲ್ಲ. ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ಪಿಸಿಎಂ ಒತ್ತಿದೆ.

ಬ್ಯಾಂಡು ಮನೆಯೊಳಗೇ ನುಗ್ಗಿತು. ಚುಡುವಾ ತಟ್ಟೆ ನಡುಗಿತು. ಎಲ್ಲರೂ ಟಿವಿಯ ಹತ್ತಿರ ಸರಿದು ಕೂತರು. ಬಾಗಿಲಿಗೆ ಅಡ್ಡ ನಿಂತ ಬಳಗ, ಅವರ ಗದ್ದಲ, ಅದರ ನಡುವೆ ನನ್ನ ಹೆಂಡತಿಯ ಸ್ಪಷ್ಟ ಧ್ವನಿ: ‘ಬಿದರಿ ಹೂಜಿಗೆ ಬೆಳ್ಳಿ ತಂತಿ, ಶರಣಪ್ಪನವರ ಹೆಸರು ಹೇಳಲಾಕ ನನಗ್ಯಾಕ ಚಿಂತಿ.’ ಬಳಗ ಹೋ ಎಂದಿತು. ಕ್ಯಾಮೆರಾ ನನ್ನ ಕಡೆ ತಿರುಗಿತು. ಬಾಸಿಂಗದ ಕೆಳಗೆ ನಾನು, ಕೈಯಲ್ಲಿ ಕರವಸ್ತ್ರ. ಬಾಯಿ ತೆರೆದೆ. ತುಟಿ ಅಲುಗಾಡಿತು. ಅದೇ ಹೊತ್ತಿಗೆ ಊಟದ ಪೆಂಡಾಲಿನ ಮೈಕು ಗುಡುಗಿತು:

‘ನಮ್ಮ ಸುವರ್ಣಾನ ಮದುವಿಗಿ ಬಂದೋರು ಯಾರೂ ಉಪಾಸ ಹೋಗಬಾರದ್ರಿ. ಎಲ್ಲಾರೂ ಪಂಕ್ತಿಗಿ ಕೂಡ್ರಿ.’

ನನ್ನ ಬಾಯಿ ಮುಚ್ಚಿತು. ಮೈಕು ನಿಂತಿತು. ಧನರಾಜ ನಗಲಿಲ್ಲ. ಅದು ನಮ್ಮ ಮಾವನವರ ಧ್ವನಿ. ಅವರು ತೀರಿಕೊಂಡು ವರ್ಷಗಳಾದವು. ಫೋಟೋ ಎಲ್ಲರ ಮನೆಯ ಗೋಡೆಯ ಮೇಲಿದೆ, ಧ್ವನಿ ಯಾರ ಹತ್ತಿರವೂ ಇರಲಿಲ್ಲ.

‘ಇನ್ನೊಮ್ಮಿ ಹಾಕ್ರಿ’ ಎಂದರು ಅತ್ತೆ.

ಹಾಕಿದೆ. ಮತ್ತೆ ಹಾಕಿದೆ. ಮಾವನವರು ಊಟಕ್ಕೆ ಕರೆಯುತ್ತಲೇ ಇದ್ದರು, ಅತ್ತೆ ಕಣ್ಣು ಮುಚ್ಚಿ ಕೇಳುತ್ತಲೇ ಇದ್ದರು. ನನ್ನ ತುಟಿಯನ್ನು ಯಾರೂ ನೋಡಲಿಲ್ಲ, ನಾನೂ ನೋಡಲಿಲ್ಲ. ಪರದೆ ಮಂಜಾಗಿ ಕಂಡದ್ದಕ್ಕೆ ಸೆಟಿಂಗ್ ಕಾರಣವಲ್ಲ.

ಬಹಳ ಹೊತ್ತಿನ ಮೇಲೆ ಧನರಾಜ ಮೂಗು ಒರೆಸಿಕೊಂಡು ‘ಬಾಯಿ ಮಾಮಾಂದು, ಧ್ವನಿ ಅಪ್ಪಂದು. ಮಾಮಾ ಸೋತ್ರು’ ಎಂದ. ನಾನು ಬಿಡುವವನಲ್ಲ. ‘ಯಾರ ಧ್ವನಿನಾರ ಇರ್ಲಿ, ನಾ ಬಾಯಿ ತೆರೆದಾಗ ಹೆಸರು ಬಂತಿಲ್ಲೋ?’ ಎಂದು ವಾದ ಹೂಡಿದೆ. ಅತ್ತೆ ಕಣ್ಣು ತೆರೆದು ‘ಅದನ್ಯಾಕ ಕೇಳ್ತೀರಿ? ಆವತ್ತು ಬಾಜೂಕ ನಿಂತಾಕಿನ್ನ ಕೇಳ್ರಿ’ ಎಂದರು. ಇಷ್ಟು ವರ್ಷ ಜಗಳಾಡಿದ ನಮ್ಮಿಬ್ಬರಿಗೂ ಇದು ಹೊಳೆದಿರಲಿಲ್ಲ.

ನನ್ನ ಹೆಂಡತಿ ಚಹಾದ ತಟ್ಟೆ ಕೆಳಗಿಟ್ಟು ಹೇಳಿದಳು. ‘ಆವತ್ತು ಅಪ್ಪನ ಮೈಕಿನಾಗ ನನಗೂ ಕೇಳಿಲ್ಲ. ಅದರ ಮುಂದಿಂದೆಲ್ಲಾ ಕೇಳ್ಯಾದ. ಮನ್ಯಾಗ ‘ಏ, ಇಲ್ಲಿ ನೋಡು’. ಮಂದಿ ಮುಂದ ‘ನಮ್ಮ ಮನಿಯವ್ರು’. ಫೋನಿನಾಗ ನನ್ನ ನಂಬರಿಗಿ ‘ಮನಿ’ ಅಂತ ಹೆಸರಿಟ್ಟಾರ. ಔರಾದದಾಗ ಒಮ್ಮಿ ಹೇಳ್ಲಿ, ನಾ ಮುಂದ ಕೂತು ಕೇಳ್ತೇನಿ.’

ತೀರ್ಪಾಯಿತು. ಮೇಲ್ಮನವಿಗೆ ಅವಕಾಶವಿಲ್ಲ. ಅಂದಿನಿಂದ ಸ್ಕೂಟರಿನ ಮೇಲೆ ಕಚೇರಿಗೆ ಹೋಗುತ್ತ ಬರುತ್ತ ಒಡಪು ಕಟ್ಟುತ್ತಿದ್ದೇನೆ. ಮೊದಲ ಸಾಲು ಚೆನ್ನಾಗಿಯೇ ಬರುತ್ತದೆ, ಪ್ರಾಸವೂ ಬರುತ್ತದೆ, ಹೆಸರಿನ ಜಾಗಕ್ಕೆ ಬಂದಾಗ ಹಾರ್ನ್ ಹೊಡೆಯುತ್ತೇನೆ. ಬಾಯಿಗೆ ಬಾರದಿದ್ದರೆ ಕೈಗಾದರೂ ರೂಢಿಯಾಗಲಿ ಎಂದು ಇದನ್ನೆಲ್ಲ ಬರೆದು, ದೊಡ್ಡ ಸಾಧನೆ ಮಾಡಿದವನಂತೆ ಆಕೆಯ ಮುಂದಿಟ್ಟೆ. ಕೈ ಒರೆಸಿಕೊಂಡು ಕೊನೆಯವರೆಗೂ ಓದಿದಳು.

‘ಚಲೋ ಬರದೀರಿ’ ಎಂದಳು. ‘ಆದರ ಇದರಾಗೂ ನನ್ನ ಹೆಸರು ಅಪ್ಪನ ಬಾಯಾಗೇ ಬಂದದಲ್ರಿ.’