ಮುಗಿಲಬಂಡಿಯ ಕಿಟಕಿ ಸೀಟು

ಹಿಟ್ಟಿನ ಕೈಯಲ್ಲಿ ಫೋನ್ ಮುಟ್ಟಬಾರದು ಎಂಬುದು ದೇವಿಕಾ ತನಗೆ ತಾನೇ ಹಾಕಿಕೊಂಡ ನಿಯಮ. ಅವತ್ತು ಅವಳನ್ನು ಮುಳುಗಿಸಿದ್ದು ಆ ನಿಯಮವೇ.

ಬೆಳಗಿನ ಒಂಬತ್ತೂವರೆ. ರೋಣದ ಆ ಇಕ್ಕಟ್ಟಾದ ಓಣಿಯ ಮನೆಯಲ್ಲಿ ಅವಳು ರೊಟ್ಟಿ ಬಡಿಯುತ್ತಿದ್ದಳು. ಗಂಡ ಕಳಕೇಶ ಅವಳ ಹಳೇ ಹೊಲಿಗೆ ಯಂತ್ರದ ಚಕ್ರ ರಿಪೇರಿ ಮಾಡಿಸಲು ಅದನ್ನು ಟಂಟಂ ಗಾಡಿಗೆ ಹೇರಿಕೊಂಡು ಗಜೇಂದ್ರಗಡಕ್ಕೆ ಹೋಗಿದ್ದ. ಹೆಪ್ಪಿಗೆಂದು ಬಟ್ಟಲು ಹಿಡಿದು ಬಂದ ಪಕ್ಕದ ಮನೆಯ ಗೌರವ್ವ ಹೊಸ್ತಿಲಲ್ಲೇ ಕೂತು ಮಾತಿಗೆ ಶುರುವಿಟ್ಟಿದ್ದಳು. ಆಗ ಫೋನ್ ಬಡಿದುಕೊಂಡಿತು.

"ಏನ ಹೊಯ್ಕೊಳ್ಳಾಕತ್ತೈತೆವಾ, ಎತ್ತಬಾರದ?" ಎಂದವಳೇ ಗೌರವ್ವ ತೋರುಬೆರಳಿನಿಂದ ಅದನ್ನು ತಿವಿದಳು. ಗೌರವ್ವ ಎಲ್ಲಿ ತಿವಿದರೂ ಫೋನಿನ ದನಿ ಓಣಿಗೆಲ್ಲ ಕೇಳುತ್ತದೆ.

"ನಮಸ್ಕಾರ ದೇವಿಕಾ ಮೇಡಂ, ಮುಗಿಲಬಂಡಿ ಲಿಮಿಟೆಡ್‌ನಿಂದ ಮಾತಾಡ್ತಿದ್ದೀವಿ. ಅಭಿನಂದನೆಗಳು! ಅಂತರಿಕ್ಷಕ್ಕೆ ಹೋಗಲು ನೀವು ಹಿಡಿದಿಟ್ಟ ಸೀಟು ಖಚಿತವಾಗಿದೆ. ಕಿಟಕಿ ಪಕ್ಕದ್ದೇ!"

ಗೌರವ್ವ ಬಟ್ಟಲನ್ನು ಅಲ್ಲೇ ಬಿಟ್ಟು ಓಣಿಗೆ ಹಾರಿದಳು. ಉಳಿದ ಮಾತು ಕೇಳಲು ದೇವಿಕಾ ಒಬ್ಬಳೇ ಉಳಿದಳು. ಬೇಡವೆನಿಸಿದರೆ ಸಂಜೆ ಐದರೊಳಗೆ ಆ್ಯಪ್‌ನಲ್ಲಿ ಮುಖ ತೋರಿಸಿ ರದ್ದು ಮಾಡಬೇಕು, ಪೂರ್ತಿ ಹಣ ವಾಪಸ್. ಐದು ದಾಟಿದರೆ ಅವಳ ಹನ್ನೊಂದು ಸಾವಿರ ಕಂಪನಿಯ ಶೇರಾಗಿಬಿಡುತ್ತದೆ. ಜತೆಗೆ ಗಂಡ ಬಂದರೆ ಜೋಡಿ ಸೀಟಿಗೆ ಅರ್ಧ ದರ. ಆಮೇಲೆ ಫೋನಿನ ಆ ಹುಡುಗಿ ಶೇರಿನ ಅಪಾಯಗಳನ್ನೆಲ್ಲ, ಇನ್ನೊಂದು ಮದುವೆಗೆ ತಡವಾದ ಭಟ್ಟರು ಮಂತ್ರ ಮುಗಿಸುವ ಹಾಗೆ, ಒಂದೇ ಉಸಿರಿನಲ್ಲಿ ಹೇಳಿ ಫೋನಿಟ್ಟಳು.

ದೇವಿಕಾಗೆ ಚಂದ್ರನೂ ಬೇಕಿರಲಿಲ್ಲ, ಚುಕ್ಕಿಯೂ ಬೇಕಿರಲಿಲ್ಲ. ಹದಿನೈದು ದಿನದ ಹಿಂದೆ ಒಂದು ಮಧ್ಯಾಹ್ನ, ಕುಬುಸಕ್ಕೆ ಕೊಕ್ಕೆ ಹಚ್ಚುತ್ತ ಕೂತಾಗ ಆ ಜಾಹೀರಾತು ಕಂಡಿತ್ತು. 'ಭೂಮಿಯ ಯಾವ ದನಿಯೂ ಮುಟ್ಟದ ಹನ್ನೊಂದು ನಿಮಿಷ.' ಅಷ್ಟರಲ್ಲೇ ಒಳಗಿನಿಂದ ಅತ್ತೆ ಕರೆದರು, ಹೊರಗಿನಿಂದ ಹಾಲಿನವ ಕರೆದ, ಹಿತ್ತಲಿನಿಂದ ಗಂಡ ಟವೆಲ್ ಕೇಳಿದ. ಮೂವರಿಗೂ ಓಗೊಟ್ಟು ಬಂದು ಕೂತು ಅವಳು ಮತ್ತೆ ಆ ಸಾಲು ಓದಿದಳು. ಹನ್ನೊಂದು ನಿಮಿಷ. ಮದುವೆಯಾದ ಇಪ್ಪತ್ತೆರಡು ವರ್ಷಗಳಲ್ಲಿ ಅಷ್ಟು ಹೊತ್ತು ಯಾರೂ ಕರೆಯದ ಒಂದು ದಿನ ಅವಳಿಗೆ ನೆನಪಾಗಲಿಲ್ಲ. ಮೋಟಾರಿನ ಹೊಸ ಯಂತ್ರಕ್ಕೆಂದು ಮೂರು ವರ್ಷ ಕುಬುಸದ ಮೇಲೆ ಕುಬುಸ ಹೊಲಿದು, ಮನೆಯಲ್ಲಿ ಯಾರಿಗೂ ತಿಳಿಯದಂತೆ ಕೂಡಿಟ್ಟ ಹನ್ನೊಂದು ಸಾವಿರವನ್ನು ಆ ಸೀಟಿಗೆ ಕಟ್ಟಿಯೇಬಿಟ್ಟಳು. ನಿಜವಾಗಿ ಹೋಗುವ ಯೋಚನೆಯೇನೂ ಇರಲಿಲ್ಲ. ಅಂಗಡಿಯಲ್ಲಿ ಸೀರೆ ತೆಗೆದಿಡಿಸಿ, ಎರಡು ದಿನ ಅದು ತನ್ನದೇ ಎಂದುಕೊಂಡು ತಿರುಗಾಡಿ, ಆಮೇಲೆ ಬೇಡವೆಂದು ಹೇಳಿಬರುವುದಿಲ್ಲವೇ, ಹಾಗೆ.

ಬೇಡವೆಂದು ಹೇಳುವ ದಿನ ಇವತ್ತೇ. ಕೈ ತೊಳೆದು ಅವಳು ಆ್ಯಪ್ ತೆರೆದಳು. ಅದು ನಿದ್ದೆಗಣ್ಣಿನ ಎಮ್ಮೆಯಂತೆ ನಿಧಾನವಾಗಿ ಏಳುತ್ತಿರುವಾಗಲೇ ಗೌರವ್ವ ಅರಿಸಿನ-ಕುಂಕುಮದ ತಟ್ಟೆ ಹಿಡಿದು ಬಂದಳು. ಹಿಂದೆ ಏಳೆಂಟು ಹೆಂಗಸರು.

"ದೂರದ ಊರಿಗಿ ಹೊಂಟಾಕಿಗೆ ಉಡಿ ತುಂಬದ ಕಳಸತೇವೇನವಾ?" ಎನ್ನುತ್ತ ಗೌರವ್ವ ಅವಳ ಎರಡೂ ಗಲ್ಲಕ್ಕೆ ಅರಿಸಿನ ಬಳಿದು, ಹಣೆಗೆ ರೂಪಾಯಿ ಅಗಲದ ಕುಂಕುಮ ಒತ್ತಿದಳು.

"ಎಕ್ಕಾ, ನಾ ಎಲ್ಲೂ ಹೋಗೂದಿಲ್ಲ!"

"ಹೊಂಟಾಕಿ ಹಂಗ ಅನಬೇಕ. ಗಂಡನ ಮನಿಗಿ ಬರೂಮುಂದ ನಾನೂ ಬಾಗಲ ಹಿಡಕೊಂಡ ಅತ್ತಿದ್ದೆ. ಬರದ ಬಿಟ್ಟೆನೇನ?"

ಸೆರಗೊಡ್ಡಿಸಿ ಕೂಡಿಸಿದರು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಎಲೆ-ಅಡಿಕೆ, ಮೇಲೊಂದು ಕುಬುಸದ ಖಣ. ಒಬ್ಬರಾದ ಮೇಲೆ ಒಬ್ಬರು. ಎರಡೂ ಕೈಯಲ್ಲಿ ಸೆರಗು ಹಿಡಿದವಳಿಗೆ ಫೋನ್ ಹಿಡಿಯಲು ಮೂರನೇ ಕೈ ಇರಲಿಲ್ಲ. ನಿಜ ಹೇಳಿಬಿಡೋಣವೆಂದರೆ ಬಾಗಿಲಲ್ಲಿ ಅತ್ತೆ ಹೊಳೆವ್ವ ನಿಂತಿದ್ದರು. ಹನ್ನೊಂದು ಸಾವಿರ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಉತ್ತರ ಕೊಡುವುದಕ್ಕಿಂತ ರಾಕೆಟ್ ಹತ್ತುವುದೇ ಸುಲಭವಾಗಿತ್ತು.

ಹೊಳೆವ್ವ ಹೊಳೆದಂಡೆಯ ಹೊಳೆಮಣ್ಣೂರಿನ ಮಗಳು. "ಹೊಳಿ ಬಂದಾಗ ನಮ್ಮನ್ನ ಬೋಟಿನ್ಯಾಗ ಕುಂದರಿಸ್ಕೊಂಡ ಒಯ್ದಿದ್ರು. ಅದಕ್ಕೇನ ಟಿಕೀಟ ಕೇಳಿದ್ದಿಲ್ಲ," ಎಂದು ಅವರು ಬಂದವರಿಗೆಲ್ಲ ಹೇಳಿದರು. "ಈಕಿಗೂ ಪುಕ್ಕಟ ಇರಬೇಕ."

ಹನ್ನೆರಡಕ್ಕೆ ಮರೆಯ ಜಾಗವೊಂದು ಸಿಕ್ಕಿತು. ಉಗ್ರಾಣದ ಕತ್ತಲಲ್ಲಿ ದೇವಿಕಾ ಫೋನಿಗೆ ಮುಖ ತೋರಿಸಿದಳು. 'ಮುಖ ಹೊಂದುತ್ತಿಲ್ಲ. ಎರಡು ಗಂಟೆಗಳ ನಂತರ ಪ್ರಯತ್ನಿಸಿ.' ಹೊಂದುವುದಾದರೂ ಹೇಗೆ? ಅಷ್ಟು ಹೊತ್ತಿಗೆ ಅವಳ ಗಲ್ಲ ಚೆಂಡುಹೂವಿನಂತೆ, ಹಣೆ ಸಂಜೆ ಸೂರ್ಯನಂತೆ ಆಗಿದ್ದವು. ಮುಖ ತೊಳೆಯಲು ಹೊರಟರೆ ಗೌರವ್ವ ಅಡ್ಡ ನಿಂತಳು.

"ಹೊಂಟಾಕಿ ಕುಂಕುಮ ತೊಳಕೋತಾಳೇನ? ಮ್ಯಾಲೆ ಬಂಡಿ ಕೆಟ್ಟ ನಿಂತ್ರ ಯಾರ ದೂಡವ್ರು?"

ಎರಡು ಗಂಟೆಯ ಹೊತ್ತಿಗೆ ಕಟ್ಟೆಯ ಮೇಲೆ ಗಂಡಸರ ಸಭೆ ಸೇರಿತ್ತು. ಅಂಚೆ ಕಚೇರಿಯಿಂದ ನಿವೃತ್ತರಾದ ಲಕ್ಷ್ಮಪ್ಪನವರು ಕನ್ನಡಕವೇರಿಸಿ ಮುಗಿಲಬಂಡಿಯ ನಿಯಮಗಳನ್ನೆಲ್ಲ ಫೋನಿನಲ್ಲಿ ಓದಿ ಮುಗಿಸಿದ್ದರು.

"ಮೂರ ಸಲಾ ಹಾರಸ್ಯಾರ. ಒಂದ ಸಮುದ್ರಕ್ಕ ಬಿತ್ತು, ಒಂದ ನಿಂತಲ್ಲೇ ಅಡ್ಡ ಆತು, ಒಂದ ಎಲ್ಲಿ ಹೋತಂತ ಅವರಿಗೇ ಗೊತ್ತಿಲ್ಲ. ಮೂರನ್ನೂ ಯಶಸ್ವಿ ಪಾಠ ಅಂತ ಬರದಾರ."

"ಹಂಗಾರ ಶೇರು?" ಎಂದ ಯಾರೋ.

"ಬಂಡಿ ಏರಿದ್ರ ಶೇರ ಏರತಾವು. ಬಂಡಿ ಬಿದ್ರ ಶೇರ ಮೊದಲ ಬೀಳತಾವು, ಬಂಡಿ ಆಮ್ಯಾಗ ಬೀಳತೈತಿ. ಆದರ ಒಂದ ಚಲೋ ಐತಿ, ಗಂಡಗ ಅರ್ಧಾ ದರ!" ಎಂದು ಲಕ್ಷ್ಮಪ್ಪನವರು ಫೋನ್ ಕಿವಿಗಿಟ್ಟುಕೊಂಡು ಬೇವಿನ ಗಿಡದ ಕಡೆ ನಡೆದರು. ದೇವಿಕಾ ಅದನ್ನು ನೋಡಿದಳು. ಯಾರಿಗೆ ಹಚ್ಚಿದರು ಎಂದು ಕೇಳುವಷ್ಟರಲ್ಲಿ ಹಿಂದಿನ ಓಣಿಯ ಹೆಂಗಸರು ಹೊಸ ಅರಿಸಿನ ತಂದಿದ್ದರು. ಎರಡನೇ ಸಲವೂ ಫೋನ್ ಅವಳನ್ನು ಗುರುತಿಸಲಿಲ್ಲ. ಅದೃಷ್ಟಕ್ಕೆ ಅವಳೇ ಕನ್ನಡಿಯಲ್ಲಿ ತನ್ನನ್ನು ಗುರುತಿಸಲಿಲ್ಲ, ಇಲ್ಲದಿದ್ದರೆ ಅತ್ತುಬಿಡುತ್ತಿದ್ದಳು.

ನಾಲ್ಕೂ ನಲವತ್ತಕ್ಕೆ ಅವಳು ಎದ್ದು ನಿಂತಳು. ಉಡಿಯನ್ನು ಹಾಗೇ ಗಂಟು ಕಟ್ಟಿ ಸೊಂಟಕ್ಕೆ ಸಿಕ್ಕಿಸಿ, "ಹೊಟ್ಟಿ ಕೆಟ್ಟೈತಿ," ಎಂದು ಓಡಿ ಬಚ್ಚಲಿನ ಚಿಲಕ ಹಾಕಿದಳು. ಆ ಒಂದು ಕಾರಣಕ್ಕೆ ಮಾತ್ರ ಗೌರವ್ವನೂ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಸಾಬೂನು ಹಚ್ಚಿ ಮೂರು ಸಲ ಮುಖ ತಿಕ್ಕಿದಳು. ಫೋನ್ ಎತ್ತಿ ಹಿಡಿದಳು. ಹಸಿರು ಗುರುತು ಬಿತ್ತು. 'ದೇವಿಕಾ, ನಿಮ್ಮ ರದ್ದತಿ ಕೋರಿಕೆ ಸ್ವೀಕರಿಸಲಾಗಿದೆ.' ನಾಲ್ಕೂ ಐವತ್ತೊಂದು.

ಹಂಡೆಗೆ ಒರಗಿ ನೆಲದ ಮೇಲೇ ಕೂತುಬಿಟ್ಟಳು. ನಲ್ಲಿಯಿಂದ ಹನಿಯೊಂದು ಬಕೆಟ್ಟಿಗೆ ಬಿತ್ತು. ಮೇಲಿನ ಗವಾಕ್ಷಿಯಲ್ಲಿ ಅಂಗೈಯಷ್ಟು ಆಕಾಶ. ಯಾರೂ ಕರೆಯಲಿಲ್ಲ. ಇನ್ನೊಂದು ಹನಿ. ಹೊಟ್ಟೆ ಕೆಟ್ಟವಳನ್ನು ಯಾರು ಕರೆಯುತ್ತಾರೆ? ಇದು ಇಪ್ಪತ್ತೆರಡು ವರ್ಷ ಹೊಳೆಯಲಿಲ್ಲವಲ್ಲ ಎಂದು ಅವಳಿಗೆ ನಗು ಬಂತು. ಹೊರಬಂದಾಗ ಅವಳ ಮುಖ ಎಷ್ಟು ತಣ್ಣಗಿತ್ತೆಂದರೆ ಗೌರವ್ವ ಬಚ್ಚಲಿನ ಬಾಗಿಲನ್ನೂ ಅವಳನ್ನೂ ಎರಡೆರಡು ಸಲ ನೋಡಿದಳು.

ಐದೂ ಹತ್ತಕ್ಕೆ ಕಳಕೇಶ ಬಂದ. ಕೈಯಲ್ಲಿ ಪೇಢೆಯ ಡಬ್ಬಿ. ಟಂಟಂ ಖಾಲಿ.

"ಮಷೀನ್ ಎಲ್ಲೈತ್ರಿ?" ಎಂದಳು ದೇವಿಕಾ.

"ಲಕ್ಷ್ಮಪ್ಪ ಕಾಕಾ ಫೋನ್ ಮಾಡಿ ಎಲ್ಲಾ ಹೇಳಿದ. ನನಗ ಹೇಳಾಕ ನಾಚಿಕ್ಯೇನ ನಿನಗ?" ಕಳಕೇಶನ ಕಣ್ಣುಗಳು ಒದ್ದೆಯಾಗಿದ್ದವು. "ಒಬ್ಬಾಕೀನ್ನ ಅಷ್ಟ ದೂರ ಹ್ಯಾಂಗ ಕಳಸಲಿ? ಜೋಡಿ ಸೀಟ ಹಿಡದೆ. ಕಿಟಕಿಗೆ ನೀ, ನಿನ್ನ ಬಾಜೂಕ ನಾ. ಮಷೀನ್ ಅಲ್ಲೇ ಕೊಟ್ಟಬಿಟ್ಟೆ, ಸರೀ ಐದೂವರಿ ಸಾವಿರ. ಮುಗಿಲಿಗಿ ಹೋಗಾಕಿಗೆ ಹೊಲಿಗಿ ಯಾಕ?"

ದೇವಿಕಾ ಬಾಯಿ ತೆರೆಯುವ ಮೊದಲೇ ಅವಳ ಫೋನ್ ಕುಂಯ್‌ಗುಟ್ಟಿತು. ಲಕ್ಷ್ಮಪ್ಪನವರೇ ಎತ್ತಿಕೊಂಡು ಗಟ್ಟಿಯಾಗಿ ಓದಿದರು.

"'ಪ್ರಿಯ ದೇವಿಕಾ, ನಿಮ್ಮದು ಈಗ ಜೋಡಿ ಸೀಟು. ಜೋಡಿಯ ಇಬ್ಬರೂ ಐದರೊಳಗೆ ಮುಖ ತೋರಿಸದ ಕಾರಣ ರದ್ದತಿ ಮಾನ್ಯವಾಗಿಲ್ಲ. ನಿಮ್ಮಿಬ್ಬರ ಹದಿನಾರು ಸಾವಿರದ ಐದುನೂರು ರೂಪಾಯಿ ಶೇರುಗಳಾಗಿವೆ. ಪ್ರಯಾಣದ ದಿನಾಂಕವನ್ನು ನಾಲ್ಕನೆಯ ಪಾಠದ ನಂತರ ತಿಳಿಸಲಾಗುವುದು.'"

ಓಣಿಯವರು ಚಪ್ಪಾಳೆ ತಟ್ಟಿದರು. ಹೊಳೆವ್ವ ಬೆರಳೆಣಿಸಿ ಮಗನ ಐದೂವರೆ ಸಾವಿರ ಕಳೆದು, "ಹನ್ನೊಂದ ಸಾವಿರ ಎಲ್ಲಿಂದ ಬಂತವಾ?" ಎಂದು ಕೇಳಿಯೇಬಿಟ್ಟರು. ಪಡಸಾಲೆಯಲ್ಲಿ ಮೂವತ್ತೊಂದು ಖಣಗಳು ಬಿದ್ದಿದ್ದವು, ಹೊಲಿಯಲು ಮನೆಯಲ್ಲೊಂದು ಸೂಜಿ ಮಾತ್ರ ಉಳಿದಿತ್ತು.

ಕಳಕೇಶ ಹತ್ತಿರ ಬಂದು ಪ್ರೀತಿಯಿಂದ ಹೇಳಿದ: "ಹನ್ನೊಂದ ನಿಮಿಷ ಯಾರೂ ಇರೂದಿಲ್ಲಂತ ಅಲ್ಲೆ. ಇಲ್ಲೆಂತೂ ಮಾತಾಡಾಕ ಆಗೂದಿಲ್ಲ. ಅಲ್ಲೆ ಒಂದಸವನ ಮಾತಾಡೋಣು."

ದೇವಿಕಾ ಹಿತ್ತಲಿಗೆ ನಡೆದು ಬಚ್ಚಲಿನ ಬಾಗಿಲು ನೂಕಿದಳು. ತೆರೆಯಲಿಲ್ಲ. ಒಳಗಿನಿಂದ ಚಿಲಕ ಹಾಕಿತ್ತು.

"ಯಾರದು?"

"ನಾನವಾ," ಗೌರವ್ವನ ದನಿ ಎಲ್ಲೋ ಬಹಳ ದೂರದಿಂದ ಬಂದಂತಿತ್ತು. "ಆಹಾ, ಏನ ಶಾಂತ ಐತೆ ಇಲ್ಲೆ... ನೀ ನಾಳೆ ಬಾ."